ಹಲ್ಲು ಹೇಳಿದ ವಯಸ್ಸು

ಬೆಂಚಿಹಾಳದ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಇಪ್ಪತ್ತಾರು ವರ್ಷಗಳಲ್ಲಿ ಊರಿನ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದನೇ ತಾರೀಖಿನಂದೇ ಹುಟ್ಟಿದರು. ನಗಬೇಡಿ. ಮಗುವನ್ನು ಕರೆತಂದ ತಾಯಿ "ಹುಣಸಿ ಹಣ್ಣ ಬಡಿಯೋ ಮುಂದ ಹುಟ್ಯಾಳ್ರಿ" ಎಂದರೆ ರಿಜಿಸ್ಟರಿನಲ್ಲಿ ನಾನು ಏನಂತ ಬರೆಯಲಿ? ಶಾಲೆ ತೆರೆಯುವ ದಿನವನ್ನೇ ಬರೆದುಬಿಡುತ್ತಿದ್ದೆ. ವರ್ಷವೂ ಗೊತ್ತಿಲ್ಲದಿದ್ದರೆ ಅದಕ್ಕೊಂದು ಉಪಾಯವಿತ್ತು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿತೋ, ಆರು ತುಂಬಿದೆ, ಒಂದನೇ ತರಗತಿಗೆ ಹಾಕು. ನನ್ನನ್ನು ನನ್ನ ಅಕ್ಕೋರು ಹಾಗೇ ಸೇರಿಸಿಕೊಂಡಿದ್ದರು, ನಾನೂ ಹಾಗೇ ಸೇರಿಸಿಕೊಂಡೆ. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಅಕ್ಕ ಮಾಡಿದ್ದನ್ನು ಯಾರು ಪ್ರಶ್ನೆ ಮಾಡುತ್ತಾರೆ?

ನನ್ನ ಹೆಸರು ಗಿರಿಜಾಬಾಯಿ ಕಟ್ಟೀಮನಿ. ನಾನು ನಿವೃತ್ತಳಾದ ಮೂರನೇ ವರ್ಷ, ಅಂದರೆ ಎರಡು ಸಾವಿರದ ನಲವತ್ಮೂರರಲ್ಲಿ, ನಮ್ಮ ವಿಭಾಗದ ಜಿಲ್ಲೆಗಳಿಗೆಲ್ಲ ಸೇರಿ ಹೊಸ ಮಕ್ಕಳ ನ್ಯಾಯ ಮತ್ತು ರಕ್ಷಣಾ ವ್ಯವಸ್ಥೆ ಜಾರಿಗೆ ಬಂತು. ತಪ್ಪು ಮಾಡಿದ ಮಗುವಾಗಲಿ, ತಪ್ಪಿಗೆ ತುತ್ತಾದ ಮಗುವಾಗಲಿ, ಠಾಣೆ, ಆಸ್ಪತ್ರೆ, ಕೋರ್ಟು ಅಂತ ಅಲೆಯುವುದು ಬೇಡ, ಎಲ್ಲ ಒಂದೇ ಸೂರಿನಡಿ ಇರಲಿ ಎಂದು ಕೊಪ್ಪಳದಲ್ಲೊಂದು ಕಟ್ಟಡ ಎದ್ದಿತು. ಅಲ್ಲಿ ಪೊಲೀಸರಿಗೆ ಖಾಕಿ ಇಲ್ಲ, ನ್ಯಾಯಾಧೀಶರಿಗೆ ಎತ್ತರದ ಪೀಠವಿಲ್ಲ. ಅಲ್ಲಿ ಕೂರುವ ಬಾಲ ನ್ಯಾಯ ಮಂಡಳಿಗೆ ನ್ಯಾಯಾಧೀಶರ ಜೊತೆ ಇಬ್ಬರು ಸದಸ್ಯರು. ಅವರಲ್ಲಿ ನಾನೊಬ್ಬಳು.

ಆ ಕಟ್ಟಡದ ಮೂಲೆಯ ಕೋಣೆಯಲ್ಲಿ ಒಂದು ಯಂತ್ರವಿತ್ತು. ಸರ್ಕಾರಿ ಹೆಸರು ವಯೋದರ್ಶಕ. ಜನ ಕರೆಯುತ್ತಿದ್ದದ್ದು ಹಲ್ಲಿನ ಗಡಿಯಾರ. ಅದರ ಉಸ್ತುವಾರಿ ದಂತವೈದ್ಯೆ ಡಾ. ಫರ್ಹಾನಾ ಮುಲ್ಲಾ ಅವರದು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು: ಮಗುವಿನ ಹಲ್ಲು ಬೆಳೆಯುವಾಗ ದಿನಕ್ಕೊಂದು ಗೆರೆ ಬೀಳುತ್ತದೆ, ಕೂದಲಿಗಿಂತ ಎಷ್ಟೋ ಸಣ್ಣದು. ಹುಟ್ಟಿದ ದಿನದ ಗೆರೆ ಮಾತ್ರ ದಪ್ಪ, ಯಾಕೆಂದರೆ ಆವತ್ತು ಮೈಗೆ ಆಗುವ ಧಕ್ಕೆ ದೊಡ್ಡದು. ಒಂದು ಹಲ್ಲು ಬೆಳೆದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ, ಕೊನೆಗೆ ಬುದ್ಧಿಹಲ್ಲಿನ ಬೇರು ಹದಿನೆಂಟು ಇಪ್ಪತ್ತರವರೆಗೂ ಬೆಳೆಯುತ್ತಲೇ ಇರುತ್ತದೆ. ಹಿಂದೆಲ್ಲ ಈ ಗೆರೆ ನೋಡಲು ಹಲ್ಲು ಕಿತ್ತು ಕೊಯ್ಯಬೇಕಿತ್ತು. ಈಗ ಬಾಯಿ ತೆರೆದು ಅರ್ಧ ಗಂಟೆ ಕೂತರೆ ಸಾಕು, ಬೆಳಕು ಒಳಗೆ ಹೋಗಿ ಎಣಿಸಿಕೊಂಡು ಬರುತ್ತದೆ.

"ಅಂದ್ರ ಮನುಷ್ಯಾ ಸುಳ್ಳ ಹೇಳಿದ್ರೂ ಹಲ್ಲ ಹೇಳೂದಿಲ್ಲನ್ರಿ?" ಎಂದೆ.

"ಮೂರು ದಿನ ಹಿಂದ ಮುಂದ ಆಗಬಹುದ್ರಿ ಮೇಡಂ. ಅದಕ್ಕಿಂತ ಹೆಚ್ಚಿಗಿ ಇಲ್ಲ" ಎಂದರು ಫರ್ಹಾನಾ.

ನನಗೆ ಸಿಟ್ಟು ಬಂತು. ಯಂತ್ರ ಬಂದ ಮೇಲೆ ಶಾಲೆಯ ರಿಜಿಸ್ಟರಿಗೆ ಏನು ಬೆಲೆ? ನಿಯಮ ಬರೆಯುವ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದೆ, ಶಾಲಾ ದಾಖಲೆ ಇರುವ ಮಗುವಿನ ಬಾಯಿಗೆ ಯಂತ್ರ ಹಾಕಕೂಡದು, ಮೊದಲು ರಿಜಿಸ್ಟರು, ಅದು ಸುಳ್ಳೆಂದು ಸಾಬೀತಾದರೆ ಮಾತ್ರ ಯಂತ್ರ. ಸುಮ್ಮಸುಮ್ಮನೆ ಮಕ್ಕಳನ್ನು ಪರೀಕ್ಷೆಗೆ ಒಡ್ಡಬಾರದೆಂಬ ಕಾರಣವನ್ನೂ ಕೊಟ್ಟೆ. ಎಲ್ಲರೂ ಒಪ್ಪಿದರು. ಆವತ್ತು ಮನೆಗೆ ಬಂದು ಗಂಡನ ಮುಂದೆ ಜಂಬ ಕೊಚ್ಚಿದ್ದೂ ಉಂಟು.

ಜುಲೈ ತಿಂಗಳಲ್ಲಿ ನನ್ನ ಮೇಜಿನ ಮೇಲೆ ಒಂದು ಫೈಲು ಬಂತು. ಆರೋಪಿ ದ್ಯಾಮವ್ವ. ಊರು ಬೆಂಚಿಹಾಳ. ಹುಟ್ಟಿದ ದಿನ ಎರಡು ಸಾವಿರದ ಇಪ್ಪತ್ತೈದನೇ ಇಸವಿ ಜೂನ್ ಒಂದು. ಹದಿನೆಂಟು ತುಂಬಿ ಒಂದು ತಿಂಗಳಾಗಿತ್ತು. ದಾಖಲಾತಿ ಹಾಳೆಯ ನಕಲಿನ ಕೆಳಗೆ ನನ್ನದೇ ಸಹಿ.

ನಡೆದದ್ದು ಇಷ್ಟು. ನಮ್ಮ ಕಡೆ ಹತ್ತಿ ಬೀಜದ ಹೊಲಗಳಲ್ಲಿ ಬೀಜ ಕಟ್ಟಲೆಂದು ಹೂವಿಗೆ ಹೂವು ತಾಗಿಸುವ ಕೆಲಸಕ್ಕೆ ಸಣ್ಣ ಬೆರಳು ಬೇಕೆಂದು ಇವತ್ತಿಗೂ ಹೆಣ್ಣುಮಕ್ಕಳನ್ನು ಕದ್ದುಮುಚ್ಚಿ ಒಯ್ಯುತ್ತಾರೆ. ಒಬ್ಬ ಮೇಸ್ತ್ರಿ ದ್ಯಾಮವ್ವನ ಹತ್ತು ವರ್ಷದ ತಂಗಿ ರೇಖಾಳನ್ನು ಶಾಲೆಯ ದಾರಿಯಲ್ಲೇ ಹಿಡಿದು ಗಾಡಿಗೆ ಎಳೆದು ಹಾಕುತ್ತಿದ್ದ. ದ್ಯಾಮವ್ವ ಓಡಿ ಬಂದು ಗಾಡಿಯಲ್ಲಿದ್ದ ಜಾಕಿನ ರಾಡು ತೆಗೆದುಕೊಂಡು ಅವನ ತಲೆಗೆ ಹೊಡೆದಳು. ಬುರುಡೆ ಸೀಳಿತು. ಅವನು ಬದುಕಿಕೊಂಡ, ಕೇಸು ಕೊಲೆ ಯತ್ನದ್ದಾಯಿತು. ಹದಿನೆಂಟು ತುಂಬಿದವಳಾದರೆ ದೊಡ್ಡವರ ಕೋರ್ಟು, ದೊಡ್ಡವರ ಜೈಲು, ಏಳೆಂಟು ವರ್ಷ. ತುಂಬಿಲ್ಲವಾದರೆ ನಮ್ಮ ಮಂಡಳಿ, ಬಾಲಮಂದಿರ, ಓದು, ಆಮೇಲೆ ಮನೆ. ನಮ್ಮ ಮುಂದಿದ್ದದ್ದು ಅದೊಂದೇ ತಕರಾರು, ವಯಸ್ಸು.

ಮೊದಲ ದಿನದ ವಿಚಾರಣೆಗೆ ಅವಳನ್ನು ಜೈಲಿನಿಂದ ಕರೆತಂದರು. ತೆಳ್ಳಗಿನ ಹುಡುಗಿ, ಬಿಗಿದು ಕಟ್ಟಿದ ಜಡೆ. ಅವಳ ತಾಯಿ ಹನುಮವ್ವ ಬಾಗಿಲಲ್ಲೇ ಕೂಗಿಕೊಂಡಳು. "ಯಪ್ಪಾ, ನನ್ನ ಮಗಳಿಗಿ ಇನ್ನಾ ಹದಿನೇಳೂ ಆಗಿಲ್ರಿ! ಕಬ್ಬ ಕಡಿಯಾಕ ಹ್ವಾದಲ್ಲೆ ಗುಡಿಸಲದಾಗ ಹಡದೇನ್ರಿ, ನನಗ ಗೊತ್ತಿಲ್ಲೇನ್ರಿ?"

ನ್ಯಾಯಾಧೀಶರಾದ ಪ್ರಭುಲಿಂಗ ಕಂಬಳಿಯವರು ಮೆತ್ತಗಿನ ಮನುಷ್ಯ, ಆದರೆ ಕಾನೂನು ಬಿಟ್ಟು ಕದಲುವವರಲ್ಲ. "ತಾಯಿ ಆದಾಕಿ ಹಂಗ ಹೇಳೇ ಹೇಳ್ತಾಳವ್ವಾ. ಆದ್ರ ಸಾಲಿ ದಾಖಲೆ ಐತಲ್ಲ" ಎಂದು ಹುಡುಗಿಯ ಕಡೆ ತಿರುಗಿದರು. "ನೀ ಹೇಳವ್ವಾ, ನಿನಗ ಎಷ್ಟ ವರ್ಷ?"

ದ್ಯಾಮವ್ವ ನನ್ನನ್ನೇ ನೋಡಿದಳು. "ಹದಿನೆಂಟ ತುಂಬ್ಯಾವ್ರಿ. ಅಕ್ಕೋರು ಬರದಾರಲ್ರಿ" ಎಂದಳು.

ಹನ್ನೆರಡು ವರ್ಷದ ಹಿಂದಿನ ಆ ಬೆಳಗು ನನಗೆ ಚೆನ್ನಾಗಿ ನೆನಪಿತ್ತು. ಹನುಮವ್ವ ಹೊಲಕ್ಕೆ ಹೋಗುವ ಅವಸರದಲ್ಲಿ ಆ ಕೂಸನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ನಿಂತಿದ್ದಳು. ಆ ವರ್ಷ ನಮ್ಮೂರಿನ ಅಂಗನವಾಡಿ ಮುಚ್ಚಿತ್ತು. ಕೂಸಿನ ಹೊಟ್ಟೆ ಬೆನ್ನಿಗೆ ಹತ್ತಿತ್ತು, ಕಣ್ಣು ಮಾತ್ರ ಅಡುಗೆಕೋಣೆಯ ಹೊಗೆಯ ಮೇಲಿತ್ತು. ಒಂದನೇ ತರಗತಿಗೆ ಹೆಸರು ಹಚ್ಚದೆ ಬಿಸಿಯೂಟ ಹಾಕುವಂತಿರಲಿಲ್ಲ, ಲೆಕ್ಕ ಕೇಳುತ್ತಿದ್ದರು. ಕೈಯನ್ನು ತಲೆಯ ಮೇಲಿಂದ ಹಾಯಿಸಿದೆ. ಕಿವಿಗೆ ಇನ್ನೂ ನಾಲ್ಕು ಬೆರಳು ದೂರ. ನಾನೇ ಆ ಪುಟ್ಟ ತಲೆಯನ್ನು ಒಂದು ಕಡೆ ವಾಲಿಸಿ, ಕೈಯನ್ನು ಎಳೆದು, ಮುಟ್ಟಿಸಿದೆ. ಐದೂ ತುಂಬದ ಕೂಸಿಗೆ ಆರು ಎಂದು ಬರೆದೆ. ಪುಣ್ಯದ ಕೆಲಸವೆಂದೇ ಬರೆದೆ, ಅದರಲ್ಲಿ ನನಗೆ ಆವತ್ತು ಸಂಶಯವಿರಲಿಲ್ಲ.

ವಿಚಾರಣೆ ಮುಗಿದು ಅವಳನ್ನು ವ್ಯಾನಿಗೆ ಹತ್ತಿಸುವ ಮೊದಲು ಹಿಂದಿನ ವರಾಂಡದಲ್ಲಿ ಹಿಡಿದು ನಿಲ್ಲಿಸಿದೆ. ಮಂಡಳಿಯ ಸದಸ್ಯೆ ಹಾಗೆ ಮಾಡಬಾರದು. ಮಾಡಿದೆ.

"ಏ ಹುಡುಗಿ, ತಲಿ ಕೆಟ್ಟೈತೇನು? ನಿಮ್ಮವ್ವ ಖರೆ ಹೇಳೂದು ನಿನಗ ಗೊತ್ತಿಲ್ಲಾ?"

"ಗೊತ್ತೈತ್ರಿ ಅಕ್ಕೋರ. ಅವ್ವ ಎಲ್ಲಾ ಹೇಳ್ಯಾಳ" ಎಂದಳು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದಷ್ಟೇ ಸಾವಕಾಶವಾಗಿ. "ನೀವ ಏನೂ ಹೇಳಬ್ಯಾಡ್ರಿ. ನಿಮ್ಮ ಹೆಸರ ಕೆಡತೈತಿ. ನೀವ ಆವತ್ತ ಬರೀಲಿಲ್ಲಂದ್ರ ನಾ ಉಳೀತಿದ್ದಿಲ್ಲಂತ. ನನಗೇನ್ರಿ, ನಾ ದೊಡ್ಡಾಕಿ ಅದೀನಿ, ತಡ್ಕೋತೀನಿ. ರೇಖಾನ್ನ ಸಾಲಿ ಬಿಡಸಬ್ಯಾಡ್ರಿ, ಅಷ್ಟ ಸಾಕು."

ಇಪ್ಪತ್ತಾರು ವರ್ಷ ಮಕ್ಕಳ ಬಾಯಿ ಮುಚ್ಚಿಸಿದ ನನ್ನ ಬಾಯನ್ನು ಆ ಹುಡುಗಿ ಒಂದೇ ಉಸಿರಿಗೆ ಮುಚ್ಚಿಸಿದಳು.

ಮನೆಗೆ ಬಂದಾಗ ನನ್ನ ಗಂಡ ಈರಣ್ಣ ಸಂಜೆಯ ಮಂಡಕ್ಕಿ ಒಗ್ಗರಣೆಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಅಡುಗೆಮನೆಯನ್ನೂ ಬಸ್ಸಿನಂತೆಯೇ ನಡೆಸುತ್ತಾರೆ, ಹೊತ್ತು ತಪ್ಪುವುದಿಲ್ಲ.

"ಏನ ಅಕ್ಕೋರ, ಮಾರಿ ಯಾಕ ಸಪ್ಪಗಾಗೈತಿ? ಇವತ್ತ ಯಾರೂ ಬೈಸ್ಕೊಳ್ಳಾಕ ಸಿಗಲಿಲ್ಲೇನು?" ಎಂದು ಚೇಷ್ಟೆ ಮಾಡಿದರು.

ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಪರವಾಗಿ ವಕೀಲಿಕೆಯನ್ನೂ ಮಾಡಿಕೊಂಡೆ. ಎಲ್ಲ ಶಾಲೆಯಲ್ಲೂ ಮಾಡುತ್ತಿದ್ದರು, ನಾನೊಬ್ಬಳೇ ಅಲ್ಲ, ಕೂಸು ಹಸಿದಿತ್ತು. ನಾನು ಬಾಯಿ ಬಿಟ್ಟರೆ ಆ ಒಂದು ಹೆಸರಿನ ಜೊತೆ ಸಾವಿರ ಹೆಸರು ಸಂಶಯಕ್ಕೆ ಬೀಳುತ್ತವೆ. ಇಲಾಖೆ ಸುಮ್ಮನಿರುವುದಿಲ್ಲ. ಊರಿನಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಈರಣ್ಣ ಚಾಕು ಕೆಳಗಿಟ್ಟರು. "ಗಾಡಿ ತಪ್ಪ ದಾರಿಗಿ ಬಂದೈತಂತ ಗೊತ್ತಾದ್ಮ್ಯಾಲ ಮುಂದ ಹೊಡದ್ರ ಏನ್ ಬಂತು? ರಿವರ್ಸ್ ತಗೊಳ್ಳೂದ. ಅದ ಬಾಳ ತ್ರಾಸ, ಹಿಂದ ಕಾಣೂದಿಲ್ಲ. ಆದ್ರ ಹಿಂದ ನಾ ನಿಂತಿರ್ತೀನಿ. ರೈಟ್ ರೈಟ್ ಅಂತೀನಿ. ನೀ ತಗೋ."

ಆ ಮನುಷ್ಯನನ್ನು ಕಟ್ಟಿಕೊಂಡು ಮೂವತ್ತೇಳು ವರ್ಷವಾಗಿತ್ತು. ಬೈದದ್ದೇ ಹೆಚ್ಚು. ಆವತ್ತು ಮಾತ್ರ ದೇವರು ನನಗೆ ಕೊಟ್ಟದ್ದು ಕಡಿಮೆಯೇನಲ್ಲ ಅನಿಸಿತು. ಮಂಡಕ್ಕಿಗೆ ಖಾರ ಹೆಚ್ಚಾಗಿತ್ತು, ನಾನು ಅದನ್ನೂ ಹೇಳಲಿಲ್ಲ.

ಮುಂದಿನ ವಿಚಾರಣೆಯ ದಿನ ನಾನು ಸದಸ್ಯರ ಕುರ್ಚಿಯಲ್ಲಿ ಕೂರಲಿಲ್ಲ. ರಾಜೀನಾಮೆಯ ಹಾಳೆಯನ್ನು ಕಂಬಳಿಯವರ ಮುಂದಿಟ್ಟು ಸಾಕ್ಷಿಯ ಕುರ್ಚಿಯಲ್ಲಿ ಕೂತೆ. ಕೈ ಎಷ್ಟು ಬೆರಳು ದೂರವಿತ್ತು, ತಲೆಯನ್ನು ಯಾವ ಕಡೆ ವಾಲಿಸಿದೆ, ಯಾವ ಪೆನ್ನಿನಿಂದ ಬರೆದೆ, ಎಲ್ಲ ಹೇಳಿದೆ. ದ್ಯಾಮವ್ವ ಎದ್ದು ನಿಂತು "ಅಕ್ಕೋರ, ಬ್ಯಾಡ್ರಿ!" ಎಂದಳು. "ಸುಮ್ನ ಕುಂದ್ರು!" ಎಂದು ನಾನು ಗದರಿದೆ. ಕೂತಳು. ಅಭ್ಯಾಸ ನೋಡಿ.

ಎದುರು ಪಕ್ಷದ ವಕೀಲರು ಒಂದೇ ಪ್ರಶ್ನೆ ಕೇಳಿದರು. "ಹಿಂಗ ಇನ್ನೂ ಎಷ್ಟ ಮಕ್ಕಳದು ಬರದೀರಿ ಮೇಡಂ?"

"ಎಣಿಸಿಲ್ರಿ."

"ಅದ್ರಾಗ ಹೆಣ್ಣುಮಕ್ಕಳು?"

ಆಗ ನನಗೆ ಹೊಳೆಯಿತು. ಅಲ್ಲಿಯವರೆಗೂ ನಿಜವಾಗಿ ಹೊಳೆದಿರಲಿಲ್ಲ. ನಾನು ಆರು ಎಂದು ಬರೆದ ನಾಲ್ಕೂವರೆ ವರ್ಷದ ಹುಡುಗಿಯರಿಗೆಲ್ಲ ಹದಿನಾರೂವರೆಗೇ ಕಾಗದದ ಮೇಲೆ ಹದಿನೆಂಟು ತುಂಬಿತ್ತು. ಅವರ ಮದುವೆಗೆ ಹೋಗಿ ನಾನೇ ಅಕ್ಷತೆ ಹಾಕಿದ್ದೆ. ಆ ದಾಖಲೆ ತೋರಿಸಿ ಮದುವೆ ಮಾಡಿದವರನ್ನು ಯಾವ ಕಾನೂನೂ ತಡೆದಿರಲಿಲ್ಲ. ನಾನು ಊಟ ಕೊಟ್ಟೆ ಎಂದುಕೊಂಡಿದ್ದೆ. ಅವರ ಬಾಲ್ಯದಿಂದಲೇ ಒಂದು ತುಂಡು ಕತ್ತರಿಸಿ ಅದನ್ನು ಕೊಟ್ಟಿದ್ದೆ. ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ, ನಾಚಿಕೆ ಪಡಲಿಲ್ಲ.

ಕಂಬಳಿಯವರು ನೀರು ತರಿಸಿದರು. ಆಮೇಲೆ ಹೇಳಿದರು: "ನಿಮ್ಮ ಸುಳ್ಳನ್ನ ನಾ ಒಪ್ಪೂದಿಲ್ರಿ ಅಕ್ಕೋರ. ನಿಮ್ಮ ಖರೇನ ಒಪ್ಕೊಂಡೀನಿ." ರಿಜಿಸ್ಟರನ್ನು ಪಕ್ಕಕ್ಕಿಟ್ಟು ಯಂತ್ರದ ಪರೀಕ್ಷೆಗೆ ಅಪ್ಪಣೆ ಕೊಟ್ಟರು. ನ್ಯಾಯಾಧೀಶರೊಬ್ಬರು ನನ್ನನ್ನು ಅಕ್ಕೋರು ಎಂದು ಕರೆದದ್ದು ಅದೇ ಮೊದಲು, ಅದೂ ಅಂಥ ಹೊತ್ತಿನಲ್ಲಿ.

ಜುಲೈ ಮೂವತ್ತರ ಬೆಳಗ್ಗೆ ಫರ್ಹಾನಾ ಅವರ ಕೋಣೆಯಲ್ಲಿ ದ್ಯಾಮವ್ವ ಬಾಯಿ ತೆರೆದು ಕೂತಳು. ತಾಯಿ ಒಂದು ಕೈ ಹಿಡಿದಿದ್ದಳು. ಹುಡುಗಿ ತನ್ನ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದಳು, ನಾನು ಹಿಡಿದೆ. ಸದ್ದಿಲ್ಲದ ನೀಲಿ ಬೆಳಕು ಹಲ್ಲಿನಿಂದ ಹಲ್ಲಿಗೆ ಸರಿಯಿತು. ಗೋಡೆಯ ತೆರೆಯ ಮೇಲೆ ಗೆರೆಗಳು ಮೂಡತೊಡಗಿದವು, ಹತ್ತಿರ ಹತ್ತಿರ, ನೇಯ್ದ ಸೀರೆಯ ಎಳೆಗಳಂತೆ.

"ಇದು ಹುಟ್ಟಿದ ದಿನ" ಎಂದು ಫರ್ಹಾನಾ ಒಂದು ದಪ್ಪ ಗೆರೆಯ ಮೇಲೆ ಕಡ್ಡಿ ಇಟ್ಟರು. ಆಮೇಲೆ ಎಳೆಗಳು ಸರಿಯಾಗಿರಲಿಲ್ಲ. ಅಲ್ಲಲ್ಲಿ ಮಸುಕು, ಅಲ್ಲಲ್ಲಿ ಕಪ್ಪು ಪಟ್ಟಿ. "ಇದು ಜ್ವರ. ಇದೆಲ್ಲ ಹಸಿವು. ಇದೂ ಹಸಿವು" ಎನ್ನುತ್ತ ಹೋದರು. ಹನುಮವ್ವ ತಲೆ ತಗ್ಗಿಸಿದಳು. ಫರ್ಹಾನಾ ಅದನ್ನು ಕಂಡು ಅವಳ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ತಪ್ಪಲ್ಲವ್ವಾ, ನೀವ ಉಳಿಸ್ಕೊಂಡೀರಿ" ಎಂದರು.

ಸಾವಿರದ ಆರುನೂರಾ ಎಪ್ಪತ್ತರ ಆಸುಪಾಸಿನ, ಅಂದರೆ ನಾಲ್ಕೂವರೆ ವರ್ಷದ ಹೊತ್ತಿನ ಗೆರೆಗೆ ಬಂದು ಅವರ ಕಡ್ಡಿ ನಿಂತಿತು. ಅಲ್ಲಿಂದ ಮುಂದೆ ಕಪ್ಪು ಪಟ್ಟಿಗಳೇ ಇರಲಿಲ್ಲ. ಎಳೆಗಳು ಸ್ವಚ್ಛ, ಒಂದೇ ಅಳತೆ. ಫರ್ಹಾನಾ ಹತ್ತಿರ ಹೋಗಿ ನೋಡಿದರು.

"ಇಂಥಾದ್ದ ನಾ ಎಲ್ಲೂ ನೋಡಿಲ್ರಿ. ಇಲ್ಲಿ ಏನೋ ಆಗೈತಿ, ಒಂದ ವಾರದಾಗ. ಮನಿಯಾಗ ಏನರ ಬದಲಾತೇನ್ರಿ?"

ಹನುಮವ್ವ ನನ್ನನ್ನು ನೋಡಿದಳು. "ಸಾಲಿಗಿ ಹಚ್ಚಿದ್ನಿರಿ" ಎಂದಳು.

ಮುಂದೆ ಪ್ರತಿ ವರ್ಷದ ಬೇಸಿಗೆಯಲ್ಲೂ ಒಂದು ತೆಳು ಮಸುಕು, ಏಪ್ರಿಲ್ ಮೇ, ಶಾಲೆಗೆ ರಜೆ. ಜೂನಿನಲ್ಲಿ ಮತ್ತೆ ಬಿಳಿ. ಯಾವ ರಿಜಿಸ್ಟರಿನಲ್ಲೂ ಇಷ್ಟು ನಿಯತ್ತಾಗಿ ಯಾರೂ ಬರೆದಿರಲಾರರು. ಅಡುಗೆಯ ಶಿವಗಂಗವ್ವ ಗಂಜಿಯಂಥ ಸಾರು ಮಾಡುತ್ತಾಳೆಂದು ನಾನು ದಿನವೂ ಬೈಯುತ್ತಿದ್ದೆ. ಅವಳ ಸಾರಿನ ಗುರುತು ಈ ಹುಡುಗಿಯ ಹಲ್ಲಿನಲ್ಲಿ ಕೂತಿತ್ತು. ಶಿವಗಂಗವ್ವ ತೀರಿಕೊಂಡು ನಾಲ್ಕು ವರ್ಷ. ಆ ಕೋಣೆಯಲ್ಲೇ ಮನಸ್ಸಿನಲ್ಲಿ ಅವಳಿಗೆ ಕೈಮುಗಿದೆ. ನಾನು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ತಪ್ಪು ಒಂದು ಜೀವಕ್ಕೆ ಅನ್ನವಾದದ್ದೂ ಸುಳ್ಳಲ್ಲ. ಎರಡನ್ನೂ ಹೊತ್ತುಕೊಳ್ಳುವುದನ್ನು ಆವತ್ತು ಕಲಿತೆ.

ಒಟ್ಟು ಗೆರೆ ಆರು ಸಾವಿರದ ನೂರಾ ಹದಿನಾಲ್ಕು. ಘಟನೆಯ ದಿನಕ್ಕೆ ಹದಿನಾರು ವರ್ಷ ಎಂಟು ತಿಂಗಳು. ಹನುಮವ್ವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಸುದ್ದಿ ಬೆಂಚಿಹಾಳಕ್ಕೆ ನನಗಿಂತ ಮೊದಲೇ ತಲುಪಿತು. ಇಲಾಖೆಯಿಂದ ನೋಟಿಸು ಬಂತು, ಬರಲೇಬೇಕಿತ್ತು. ಒಂದು ಭಾನುವಾರ ಮನೆಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು, ಎಲ್ಲ ನನ್ನ ಹಳೆಯ ಮಕ್ಕಳು. ಬೈಯಲು ಬಂದಿದ್ದಾರೆಂದು ಸೆರಗು ಬಿಗಿದುಕೊಂಡೇ ಹೊರಬಂದೆ. ಬೈಯಲೂ ಒಬ್ಬಳು ಬಂದಿದ್ದಳು, ನೀಲವ್ವ. ಹದಿನೇಳಕ್ಕೇ ತಾಯಿಯಾದವಳು. "ನನ್ನ ಮದುವಿ ದಿನ ನೀವ ಬಂದು ಉಂಡ ಹ್ವಾದ್ರಿ ಅಕ್ಕೋರ" ಎಂದಳು. ನಾನು ತಲೆ ಬಾಗಿಸಿ ನಿಂತೆ. ಅವಳು ಬಿಕ್ಕಿ, ಸಮಾಧಾನವಾಗಿ, ಆಮೇಲೆ ತನ್ನ ಹಿಂದೆ ನಿಂತಿದ್ದ ಹುಡುಗಿಯನ್ನು ಮುಂದೆ ತಳ್ಳಿದಳು. "ಇಕಿ ನನ್ನ ನಾದಿನಿ. ಮುಂದಿನ ತಿಂಗಳ ಮದುವಿ ಇಟ್ಟಾರ. ಇಕಿದೂ ನೀವ ಬರದಿದ್ದು. ಇಕಿದರ ಬಾಯಿ ನೋಡಸ್ರಿ."

ನೋಡಿಸಿದೆವು. ಹದಿನಾರೂವರೆ. ಮದುವೆ ನಿಂತಿತು. ನೀಲವ್ವ ನನ್ನನ್ನು ಕ್ಷಮಿಸಿದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಬಂದಿಲ್ಲ. ಆದರೆ ಅವಳು ಆವತ್ತು ನನ್ನ ಬಾಗಿಲಿಗೆ ಬಂದದ್ದಕ್ಕೆ ನಾನು ಇರುವತನಕ ಅವಳ ಋಣದಲ್ಲಿದ್ದೇನೆ.

ಕೊನೆಯ ವಿಚಾರಣೆಯ ದಿನ ನಾನು ಹನುಮವ್ವನ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಈರಣ್ಣ ರೇಖಾಳನ್ನು ಕರೆದುಕೊಂಡು ಹಿಂದೆ ನಿಂತಿದ್ದರು. ಕಂಬಳಿಯವರು ಆದೇಶವನ್ನು ಓದಲಿಲ್ಲ, ಹಾಳೆ ಕೆಳಗಿಟ್ಟು ಹೇಳಿದರು. ಈ ಪ್ರಕರಣ ದೊಡ್ಡವರ ಕೋರ್ಟಿಗೆ ಹೋಗುವುದಿಲ್ಲ. ಮಂಡಳಿಯೇ ನೋಡಿಕೊಳ್ಳುತ್ತದೆ. ಇವತ್ತಿನಿಂದ ಜೈಲಿಲ್ಲ, ಬಾಲಮಂದಿರ, ಅಲ್ಲಿಂದಲೇ ಓದು. ತಂಗಿಯನ್ನು ಎಳೆದ ಮೇಸ್ತ್ರಿಯ ಮೇಲೆ ಬೇರೆ ಕೇಸು ದಾಖಲಾಗಿದೆ.

"ತಿಳೀತೇನವ್ವಾ?" ಎಂದು ಕೇಳಿದರು.

ದ್ಯಾಮವ್ವ ನೆಟ್ಟಗೆ ನಿಂತೇ ಇದ್ದಳು. ಇಷ್ಟು ದಿನ ಜೈಲಿನಲ್ಲಾಗಲಿ ಇಲ್ಲಾಗಲಿ ಅವಳ ದನಿ ಒಮ್ಮೆಯೂ ಏರುಪೇರಾಗಿರಲಿಲ್ಲ. ಈಗ ಕೇಳಿದಳು:

"ಅಂದ್ರ, ನಾ ಇನ್ನಾ ಸಣ್ಣಾಕಿ ಅದೀನೇನ್ರಿ?"

"ಹೌದವ್ವಾ. ಇನ್ನಾ ಒಂದ ವರ್ಷದ ಮ್ಯಾಲೆ ನೀ ಸಣ್ಣಾಕೀನ" ಎಂದರು ಕಂಬಳಿ.

ದ್ಯಾಮವ್ವ ಬಿಗಿ ಹಿಡಿದಿದ್ದ ಎರಡೂ ಮುಷ್ಟಿ ಬಿಟ್ಟಳು. ಆಮೇಲೆ ಬಾಯಿ ದೊಡ್ಡದಾಗಿ ತೆರೆದು, ಒಂದನೇ ತರಗತಿಯ ಮೊದಲ ದಿನ ಮಕ್ಕಳು ಅಳುತ್ತಾರಲ್ಲ, ಹಾಗೆ ಅಳತೊಡಗಿದಳು. ಹನುಮವ್ವ ಓಡಿಹೋಗಿ ತಬ್ಬಿಕೊಂಡಳು. ರೇಖಾ ಈರಣ್ಣನ ಕೈ ಕೊಸರಿಕೊಂಡು ಬಂದು ಅಕ್ಕನ ಸೊಂಟ ಹಿಡಿದಳು. ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ. ನಾನಂತೂ ಅನ್ನಲಿಲ್ಲ.

ಕಂಬಳಿಯವರು ಕನ್ನಡಕ ತೆಗೆದು ಒರೆಸಿಕೊಂಡು ಗುಮಾಸ್ತನ ಕಡೆ ತಿರುಗಿ ಬರೆಸಿದರು. ಆ ಫೈಲಿನಲ್ಲಿ ಅಲ್ಲಿಯವರೆಗೆ ಪ್ರತಿ ಪುಟದಲ್ಲೂ ಅವಳ ಹೆಸರಿನ ಹಿಂದೆ ಆರೋಪಿ ಎಂದಿತ್ತು. ಆವತ್ತಿನ ಪುಟದಲ್ಲಿ ಇದ್ದದ್ದು ಇದೊಂದೇ ಸಾಲು: ಮಗು ಅಳುತ್ತಿರುವುದರಿಂದ ವಿಚಾರಣೆಯನ್ನು ಅರ್ಧ ಗಂಟೆ ಮುಂದೂಡಲಾಗಿದೆ.